ಬಾಟಲಿಗೊಂದು ಮುಖ ಬಂದ ಕಥೆ

ಹೈದರಾಬಾದಿಗೆ ಕೆಲಸಕ್ಕೆಂದು ಬಂದ ಕನ್ನಡಿಗರು ಬೇಗ ಕಲಿಯುವ ಒಂದು ಸ್ಥಳೀಯ ನಿಯಮವಿದೆ. ಬಿರಿಯಾನಿ ಆರ್ಡರ್ ಮಾಡಿದರೆ ಪಕ್ಕದಲ್ಲಿ ಥಮ್ಸ್ ಅಪ್ ಇರಬೇಕು. ಮಿರ್ಚಿ ಕಾ ಸಾಲನ್ ಇಲ್ಲದಿದ್ದರೂ ನಡೆದೀತು, ಅದು ಇಲ್ಲದಿದ್ದರೆ ಊಟ ಅರ್ಧಕ್ಕೇ ನಿಂತಂತೆ. ನನ್ನ ಆಫೀಸಿನ ತೆಲುಗು ಗೆಳೆಯರನ್ನು ಇದಕ್ಕೆ ಕಾರಣ ಕೇಳಿದ್ದೇನೆ. ಖಾರ ಇಳಿಯುತ್ತದೆ ಎಂದವರು ಒಬ್ಬಿಬ್ಬರು. ಉಳಿದವರೆಲ್ಲ ಹೇಳಿದ್ದು ಹೆಸರುಗಳನ್ನು. ನಲವತ್ತು ದಾಟಿದವರು ಚಿರಂಜೀವಿ ಎಂದರು, ಮೂವತ್ತರ ಆಸುಪಾಸಿನವರು ಮಹೇಶ್ ಬಾಬು ಎಂದರು. ರುಚಿಯ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರವಾಗಿ ಮುಖಗಳು ಬಂದವು.

ಆ ಮುಖಗಳನ್ನು ಬಾಟಲಿಗೆ ಅಂಟಿಸಿದವರು ಯಾರು ಎಂಬ ಕುತೂಹಲದಿಂದ ಈ ಬರಹ ಹುಟ್ಟಿತು. ಸಿನಿಮಾಕ್ಕೆ ನಿರ್ದೇಶಕನ ಹೆಸರು ಪರದೆಯ ಮೇಲೆ ಬರುತ್ತದೆ. ಜಾಹೀರಾತಿಗೆ ಬರುವುದಿಲ್ಲ. ಮೂವತ್ತು ಸೆಕೆಂಡಿನಲ್ಲಿ ಒಂದು ಆಸೆಯನ್ನು ಹುಟ್ಟಿಸಿ ಆ ಮನುಷ್ಯ ಸದ್ದಿಲ್ಲದೆ ಹೊರಟುಹೋಗುತ್ತಾನೆ. ಅವನ ಜಾಡು ಹಿಡಿದು ಹಿಂದಕ್ಕೆ ಹೋದರೆ ಹೈದರಾಬಾದು ಸಿಗುತ್ತದೆ. ಆಶ್ಚರ್ಯವೆಂದರೆ, ದಾರಿಯುದ್ದಕ್ಕೂ ನಮ್ಮ ಮಂಗಳೂರು, ಮೈಸೂರು, ಬೆಂಗಳೂರುಗಳೂ ಸಿಗುತ್ತವೆ.

ಮೊದಲು 1977ಕ್ಕೆ ಹೋಗೋಣ. ತುರ್ತು ಪರಿಸ್ಥಿತಿ ಮುಗಿದು ಜನತಾ ಸರಕಾರ ಬಂದಿತ್ತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿ. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಇಂಥ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಿಕೊಳ್ಳಬೇಕಿತ್ತು. ಕೋಕಾ ಕೋಲಾ ತನ್ನ ತಯಾರಿಕೆಯ ಗುಟ್ಟನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ದೇಶ ಬಿಟ್ಟಿತು. 1950ರಿಂದ ಇಲ್ಲಿ ಬೇರೂರಿದ್ದ ಪಾನೀಯವೊಂದು ಹೀಗೆ ಅಂಗಡಿಗಳಿಂದ ಮಾಯವಾಯಿತು.

ಖಾಲಿಯಾದ ಜಾಗಕ್ಕೆ ಸರಕಾರವೇ ಒಂದು ಪಾನೀಯ ತಂದಿತು. ಹೆಸರು ‘ಡಬಲ್ ಸೆವೆನ್’, ವರ್ಷದ ನೆನಪಿಗೆ 77. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ. ಆ ಹಳೆಯ ಅರಮನೆ ಕಟ್ಟಡದ ವಿಜ್ಞಾನಿಗಳು ದೇಶಕ್ಕೆ ಒಂದು ಕೋಲಾ ಕೊಟ್ಟಿದ್ದರು ಎಂಬುದು ಮೈಸೂರಿನವರಿಗೇ ಅಷ್ಟಾಗಿ ನೆನಪಿಲ್ಲ. ಮಾರುಕಟ್ಟೆಗೆ ಬಿಟ್ಟದ್ದು ಸರಕಾರಿ ಸಂಸ್ಥೆಯಾದ ಮಾಡರ್ನ್ ಫುಡ್ ಇಂಡಸ್ಟ್ರೀಸ್. ಅದೇ ವರ್ಷ ಖಾಸಗಿ ಕಂಪನಿ ಪಾರ್ಲೆ ಥಮ್ಸ್ ಅಪ್ ತಂದಿತು. 77 ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು, ಥಮ್ಸ್ ಅಪ್ ಉಳಿಯಿತು.

ಯಾಕೆ ಎನ್ನುವುದಕ್ಕೆ ಕಾರಣ ಹಲವು. ಜನತಾ ಸರಕಾರ ಬಿದ್ದದ್ದು, ಹಂಚಿಕೆಯ ಜಾಲ ಬಲವಾಗಿರದಿದ್ದದ್ದು, ಪಾರ್ಲೆಗೆ ಗೋಲ್ಡ್ ಸ್ಪಾಟ್, ಲಿಮ್ಕಾಗಳ ಅನುಭವ ಇದ್ದದ್ದು. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಸರಕಾರ ಪಾನೀಯವನ್ನು ತಯಾರಿಸಿತು, ಅದರ ಮೇಲಿನ ಆಸೆಯನ್ನು ತಯಾರಿಸಲಿಲ್ಲ. ಸಕ್ಕರೆ, ಬಣ್ಣ, ಅನಿಲ ಸೇರಿಸಿದ ನೀರನ್ನು ಯಾರೂ ಬಾಯಾರಿಕೆಗಾಗಿ ಮಾತ್ರ ಕುಡಿಯುವುದಿಲ್ಲ. ಬಾಯಾರಿಕೆಗೆ ನಮ್ಮಲ್ಲಿ ಮಜ್ಜಿಗೆ, ಪಾನಕ, ಎಳನೀರು, ಗೋಲಿ ಸೋಡಾ ಎಲ್ಲವೂ ಇದ್ದವು. ಕೋಲಾ ಮಾರಲು ಒಂದು ಕಥೆ ಬೇಕು. ಕಥೆ ಹೇಳುವವರು ಮುಂಬಯಿಯಲ್ಲಿದ್ದರು. ಅವರಲ್ಲಿ ಬಹಳ ದೊಡ್ಡವನೊಬ್ಬ ಹೈದರಾಬಾದಿನಿಂದ ಹೋದವನು.

ಶ್ಯಾಮ್ ಬೆನಗಲ್ ಹುಟ್ಟಿದ್ದು 1934ರ ಡಿಸೆಂಬರ್ 14ರಂದು, ನಿಜಾಮರ ಹೈದರಾಬಾದಿನಲ್ಲಿ. ಮನೆಮಾತು ಕೊಂಕಣಿ, ತಂದೆಯ ಮೂಲ ಕರ್ನಾಟಕ. ತಂದೆ ಶ್ರೀಧರ ಬೆನಗಲ್ ಛಾಯಾಗ್ರಾಹಕರು. ಅವರು ಕೊಟ್ಟ ಕ್ಯಾಮೆರಾದಲ್ಲೇ ಮಗ ಹನ್ನೆರಡನೆಯ ವಯಸ್ಸಿಗೆ ಮೊದಲ ಚಿತ್ರ ತೆಗೆದದ್ದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಹತ್ತಿರದ ಸಂಬಂಧಿ. ಒಂದು ಅರ್ಥದಲ್ಲಿ ಇದು ನಮ್ಮಂಥವರದೇ ಕುಟುಂಬ: ಕರಾವಳಿಯ ಹೆಸರು ಹೊತ್ತು ದಖನಿ ಮಾತಾಡುವ ಊರಿಗೆ ಬಂದು ನೆಲೆಸಿದವರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಹೈದರಾಬಾದಿನಲ್ಲಿ ಫಿಲ್ಮ್ ಸೊಸೈಟಿ ಕಟ್ಟಿ, ಹೊಟ್ಟೆಪಾಡಿಗೆ ಮುಂಬಯಿಗೆ ಹೋದರು. 1959ರಲ್ಲಿ ಲಿಂಟಾಸ್ ಎಂಬ ಜಾಹೀರಾತು ಕಂಪನಿಯಲ್ಲಿ ಬರಹಗಾರನ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಅವರು ತೆಗೆದ ಜಾಹೀರಾತು ಚಿತ್ರಗಳು ಮತ್ತು ಪ್ರಾಯೋಜಿತ ಸಾಕ್ಷ್ಯಚಿತ್ರಗಳ ಲೆಕ್ಕ 900 ದಾಟುತ್ತದೆ.

ಈ ಸಂಖ್ಯೆಯನ್ನು ಓದಿ ಮುಂದೆ ಹೋಗಬೇಡಿ, ಒಂದು ಕ್ಷಣ ನಿಲ್ಲಿ. ಕಲಾತ್ಮಕ ಚಿತ್ರಗಳ ಗುರು ಎಂದು ನಾವು ಗೌರವಿಸುವ ವ್ಯಕ್ತಿ ತನ್ನ ಮೊದಲ ಕಥಾಚಿತ್ರ ಮಾಡುವ ಮುನ್ನ ಹತ್ತು ಹನ್ನೆರಡು ವರ್ಷ ವಸ್ತುಗಳನ್ನು ಮಾರುವ ಚಿತ್ರ ತೆಗೆದಿದ್ದರು. ಆಗ ಟೀವಿ ಜಾಹೀರಾತು ಇರಲಿಲ್ಲ. ದೂರದರ್ಶನ ಜಾಹೀರಾತು ಹಾಕತೊಡಗಿದ್ದೇ 1976ರಲ್ಲಿ. ಅದಕ್ಕೂ ಮುನ್ನ ಈ ಚಿತ್ರಗಳು ಓಡುತ್ತಿದ್ದದ್ದು ಟಾಕೀಸುಗಳಲ್ಲಿ, ಸಿನಿಮಾ ಶುರುವಾಗುವ ಮೊದಲು ಮತ್ತು ಇಂಟರ್‌ವಲ್‌ನಲ್ಲಿ. ಅವನ್ನು ಊರೂರಿನ ಟಾಕೀಸಿಗೆ ಹಂಚುತ್ತಿದ್ದ ದೊಡ್ಡ ಕಂಪನಿಯ ಹೆಸರು ಬ್ಲೇಜ್.

ಬೆನಗಲ್ ಕಾಲೇಜು ದಿನಗಳಲ್ಲೇ ಬರೆದಿದ್ದ ಒಂದು ಕಥೆಯನ್ನು ವರ್ಷಗಟ್ಟಲೆ ಬಗಲಲ್ಲಿಟ್ಟುಕೊಂಡು ತಿರುಗಿದರು. ಹೈದರಾಬಾದಿನ ಹತ್ತಿರದ ಹಳ್ಳಿ, ಒಬ್ಬ ಜಮೀನ್ದಾರನ ಮಗ, ಒಬ್ಬಳು ದಲಿತ ಹೆಂಗಸು, ಅವಳ ಮೂಕ ಗಂಡ. ಹಣ ಹಾಕಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹಾಕಿದ್ದು ಬ್ಲೇಜ್. 1974ರ ‘ಅಂಕುರ್’ ಹುಟ್ಟಿದ್ದು ಹೀಗೆ. ಸಾಬೂನು, ಬಿಸ್ಕತ್ತು, ಪಾನೀಯಗಳ ಜಾಹೀರಾತು ಹಂಚಿ ಗಳಿಸಿದ ದುಡ್ಡಿನಲ್ಲಿ ತೆಲಂಗಾಣದ ಜಮೀನ್ದಾರಿಯ ಕ್ರೌರ್ಯವನ್ನು ತೋರಿಸುವ ಸಿನಿಮಾ ಆಯಿತು. ಜಮೀನ್ದಾರನ ಮಗನಾಗಿ ಹಿಂದಿಗೆ ಕಾಲಿಟ್ಟವರು ನಮ್ಮ ಅನಂತನಾಗ್. ಕ್ಯಾಮೆರಾ ಹಿಡಿದ ಗೋವಿಂದ ನಿಹಲಾನಿ ಓದಿದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಪಳಗಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಅಂಕುರ್‌ಗೆ ಒಂದು ವರ್ಷ ಮೊದಲು ಅವರು ಗಿರೀಶ ಕಾರ್ನಾಡರ ‘ಕಾಡು’ ಚಿತ್ರೀಕರಿಸಿದ್ದರು.

ಎರಡು ವರ್ಷದ ನಂತರ ಇನ್ನೊಂದು ಚಿತ್ರ, ಈ ಸಲ ವಿಷಯವೇ ಒಂದು ಪಾನೀಯ. ‘ಮಂಥನ್’ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ಹತ್ತು ಲಕ್ಷದ ಬಂಡವಾಳ, ಐದು ಲಕ್ಷ ನಿರ್ಮಾಪಕರು. ಕಾರ್ನಾಡರು ಹಳ್ಳಿಗೆ ಬರುವ ಪಶುವೈದ್ಯ, ಅನಂತನಾಗ್ ಅವರ ಜೊತೆಗಾರ. ಕಟುವಾಗಿ ನೋಡಿದರೆ ಇದೂ ಒಂದು ಪ್ರಾಯೋಜಿತ ಚಿತ್ರವೇ. ಹಾಲು ಮಾರುವ ಸಹಕಾರಿ ಸಂಸ್ಥೆಯ ಹಣ, ಹಾಲಿನ ಕಥೆ. ಅದರ ಹಾಡನ್ನು ಮುಂದೆ ಅಮುಲ್ ತನ್ನ ಜಾಹೀರಾತಿಗೂ ಬಳಸಿತು. ಆದರೆ ಅದರಲ್ಲಿ ಹಳ್ಳಿಯ ಜಾತಿ ಜಗಳವಿದೆ, ಸೋಲಿದೆ, ಸಂಘ ಕಟ್ಟಲು ಬಂದವನು ಅರ್ಧಕ್ಕೆ ಊರು ಬಿಡಬೇಕಾದ ನೋವಿದೆ. ತನ್ನ ಮಾಲಿನ ಬಗ್ಗೆ ಸತ್ಯ ಹೇಳಲು ಹೆದರದ ಜಾಹೀರಾತು ಇದ್ದರೆ ಹೇಗಿರುತ್ತದೆ ಎಂದು ನನ್ನನ್ನು ಯಾರಾದರೂ ಕೇಳಿದರೆ ಮಂಥನ್ ನೋಡಿ ಎನ್ನುತ್ತೇನೆ. 2024ರ ಮೇ ತಿಂಗಳಲ್ಲಿ ಅದರ ಹೊಸದಾಗಿ ಶುದ್ಧಗೊಳಿಸಿದ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದೇ ಡಿಸೆಂಬರ್ 23ರಂದು ಬೆನಗಲ್ ತೀರಿಕೊಂಡರು.

ಅವರ ಬಳಿ ಸಹಾಯಕನಾಗಿದ್ದ ಹುಡುಗರಲ್ಲಿ ಒಬ್ಬ ಪ್ರಹ್ಲಾದ್ ಕಕ್ಕರ್. ಆತ 1977ರಲ್ಲಿ, ಅಂದರೆ ಕೋಕ್ ಹೋದ ಮತ್ತು ಥಮ್ಸ್ ಅಪ್ ಬಂದ ವರ್ಷವೇ, ಜೆನೆಸಿಸ್ ಎಂಬ ತನ್ನದೇ ಜಾಹೀರಾತು ಚಿತ್ರ ಕಂಪನಿ ತೆರೆದ. ಗುರು ಜಾಹೀರಾತಿನಿಂದ ಸಿನಿಮಾಕ್ಕೆ ನಡೆದುಹೋದ ಸೇತುವೆಯ ಮೇಲೆ ಶಿಷ್ಯ ಸಿನಿಮಾದಿಂದ ಜಾಹೀರಾತಿಗೆ ನಡೆದ.

ಅಲ್ಲಿ ಅವನಿಗೆ ಕಾದಿದ್ದದ್ದು ಪೆಪ್ಸಿ. 1990ರಲ್ಲಿ ಅದು ‘ಲೆಹರ್’ ಎಂಬ ದೇಶಿ ಹೆಸರನ್ನು ಮುಂದಿಟ್ಟುಕೊಂಡು ಬಂತು, ಬರೀ ವಿದೇಶಿ ಹೆಸರಿನಲ್ಲಿ ಮಾರಲು ಆಗ ಅವಕಾಶವಿರಲಿಲ್ಲ. 1993ರಲ್ಲಿ ಕೋಕ್ ಮರಳಿತು. ಬಂದದ್ದೇ ಪಾರ್ಲೆಯಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ, ಸಿಟ್ರಾಗಳನ್ನು ಕೊಂಡುಕೊಂಡಿತು. ಅದೇ ವರ್ಷ ಕಕ್ಕರ್ ತೆಗೆದ ಪೆಪ್ಸಿ ಜಾಹೀರಾತು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ಮಳೆಯ ರಾತ್ರಿ, ಒಬ್ಬನೇ ಇರುವ ಆಮೀರ್ ಖಾನ್, ಬಾಗಿಲು ತಟ್ಟಿ ಪೆಪ್ಸಿ ಕೇಳುವ ಪಕ್ಕದ ಮನೆಯ ಮಹಿಮಾ ಚೌಧರಿ. ಮನೆಯಲ್ಲಿ ಪೆಪ್ಸಿ ಇಲ್ಲ. ಇವನು ಕಿಟಕಿಯಿಂದ ಹಾರಿ, ಮಳೆಯಲ್ಲಿ ತೊಯ್ದು ತರುತ್ತಾನೆ. ಅಷ್ಟರಲ್ಲಿ ಮತ್ತೆ ಕರೆಗಂಟೆ. ಈಗ ಬಂದವಳು ‘ಸಂಜು’, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ. ಪರದೆಯ ಮೇಲೆ ಅವಳಿದ್ದದ್ದು ಕೆಲವೇ ಸೆಕೆಂಡು. ಮರುದಿನದಿಂದ ದೇಶವೆಲ್ಲ ಆ ಸಂಜು ಯಾರು ಎಂದು ಕೇಳತೊಡಗಿತು. ಅವಳು ವಿಶ್ವಸುಂದರಿಯಾದದ್ದು ಮರುವರ್ಷ.

ಕಥೆ ಸ್ವಂತದ್ದಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಮೈಕೆಲ್ ಜೆ. ಫಾಕ್ಸ್ ನಟಿಸಿದ ಪೆಪ್ಸಿ ಜಾಹೀರಾತಿನದ್ದು. ಆದರೆ ಮಳೆ, ಮನೆ, ಹುಡುಗನ ಕಕ್ಕಾಬಿಕ್ಕಿತನ ಎಲ್ಲವೂ ನಮ್ಮದಾಗಿ ಕಂಡಿತು. ಅದರಲ್ಲಿ ಪಾನೀಯ ರುಚಿಯಾಗಿದೆ ಎಂಬ ಮಾತೇ ಇಲ್ಲ. ಅದಕ್ಕಾಗಿ ಒಬ್ಬ ನಟ ಏನು ಮಾಡಲು ತಯಾರಿದ್ದಾನೆ ಎಂಬುದಷ್ಟೇ ಇದೆ. ಅಲ್ಲಿಂದ ಮುಂದೆ ಬಾಟಲಿಯಲ್ಲಿ ಏನಿದೆ ಎನ್ನುವುದಕ್ಕಿಂತ ಬಾಟಲಿ ಯಾರ ಕೈಯಲ್ಲಿದೆ ಎನ್ನುವುದು ಮುಖ್ಯವಾಯಿತು.

1996ರ ವಿಶ್ವಕಪ್‌ನಲ್ಲಿ ಇದು ಬಯಲಿಗೆ ಬಂತು. ಕೋಕ್ ಹಣ ಕೊಟ್ಟು ಅಧಿಕೃತ ಪಾನೀಯವಾಗಿತ್ತು. ಪೆಪ್ಸಿ, ಇದರಲ್ಲಿ ಅಧಿಕೃತವಾದದ್ದೇನೂ ಇಲ್ಲ ಎಂಬ ಅರ್ಥದ ಒಂದು ಸಾಲಿನಿಂದ ಅದನ್ನು ಅಣಕಿಸಿತು. ಸಚಿನ್ ಅವರ ಕಡೆ ಇದ್ದರು. ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನದ ಕ್ವಾರ್ಟರ್ ಫೈನಲ್. ನಾಯಕ ಹೈದರಾಬಾದಿನ ಅಜರುದ್ದೀನ್. ವೆಂಕಟೇಶ್ ಪ್ರಸಾದ್ ಆಮೀರ್ ಸೊಹೈಲ್‌ನ ಸ್ಟಂಪ್ ಹಾರಿಸಿದ್ದು ನಮಗೆ ನೆನಪಿದೆ, ಅಧಿಕೃತ ಪಾನೀಯ ಯಾವುದಿತ್ತು ಎಂದು ಕೇಳಿದರೆ ಎಷ್ಟು ಜನಕ್ಕೆ ನೆನಪಿದೆ? ನೆನಪಿರುವುದು ಅಣಕವೇ. ಮೂರು ವರ್ಷದ ನಂತರ ಕಾರ್ಗಿಲ್‌ನಲ್ಲಿ ಶಿಖರವೊಂದನ್ನು ಗೆದ್ದ ಕ್ಯಾಪ್ಟನ್ ವಿಕ್ರಮ್ ಬಾತ್ರಾ ತಮ್ಮ ವಿಜಯದ ಸಂಕೇತವಾಗಿ ಬಳಸಿದ್ದು ಪೆಪ್ಸಿಯ ‘ಯೇ ದಿಲ್ ಮಾಂಗೇ ಮೋರ್’ ಎಂಬ ಮಾತನ್ನು. ಸಕ್ಕರೆ ನೀರು ಮಾರಲು ಹುಟ್ಟಿದ ಒಂದು ಸಾಲು ಯುದ್ಧಭೂಮಿಯವರೆಗೆ ಹೋಯಿತು. ಆ ಸಾಲಿಗೆ ಘನತೆ ಬಂದದ್ದು ಆ ಯೋಧನಿಂದ, ಬಾಟಲಿಯಿಂದ ಅಲ್ಲ.

ಇಷ್ಟಾದರೂ ಇದೆಲ್ಲ ಹಿಂದಿಯ ಲೋಕ. ದಕ್ಷಿಣಕ್ಕೆ ಬಂದಾಗ ಮುಂಬಯಿಯ ಮುಖಗಳು ಸಾಲಲಿಲ್ಲ. 1990ರ ದಶಕದ ನಡುವಿನಲ್ಲಿ ಜೆಮಿನಿ, ಉದಯ, ಈಟೀವಿಗಳಂಥ ನಮ್ಮ ಭಾಷೆಯ ಚಾನೆಲ್‌ಗಳು ಬಂದಿದ್ದವು. ರಾಮೋಜಿ ರಾವ್ ಅವರ ಈಟೀವಿ 1995ರಲ್ಲಿ ಹೈದರಾಬಾದಿನಲ್ಲಿ ಶುರುವಾಯಿತು, 2000ದ ಕೊನೆಗೆ ಈಟೀವಿ ಕನ್ನಡವೂ ಬಂತು. ಆಗ ರಾಮೋಜಿ ಫಿಲ್ಮ್ ಸಿಟಿಗೆ ಕೆಲಸಕ್ಕೆ ಬಂದ ಕನ್ನಡದ ಪತ್ರಕರ್ತರು, ಬರಹಗಾರರು ಈ ಊರಿನ ಕನ್ನಡ ಬದುಕಿಗೇ ಒಂದು ಹೊಸ ಅಲೆ ತಂದವರು. ಮನೆಮನೆಗೆ ತೆಲುಗು, ಕನ್ನಡ ಚಾನೆಲ್ ಬಂದಮೇಲೆ ಕಂಪನಿಗಳಿಗೂ ತೆಲುಗು, ಕನ್ನಡ ಮುಖ ಬೇಕಾಯಿತು. ಡಬ್ ಮಾಡಿದ ಹಿಂದಿ ನಟ ಎಷ್ಟೇ ಚೆಲುವನಾದರೂ ಅವನ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ, ನೋಡುವವನಿಗೆ ಇವನು ನಮ್ಮವನಲ್ಲ ಎಂದು ತಕ್ಷಣ ಗೊತ್ತಾಗುತ್ತದೆ.

2001ರ ಏಪ್ರಿಲ್‌ನಲ್ಲಿ ಪೆಪ್ಸಿ ಪವನ್ ಕಲ್ಯಾಣ್ ಅವರನ್ನು ಕರೆತಂದಿತು, ದಕ್ಷಿಣದಿಂದ ಪೆಪ್ಸಿಗೆ ಸಿಕ್ಕ ಮೊದಲ ತಾರೆ. ಅದೇ ತಿಂಗಳ ಕೊನೆಗೆ ಅವರ ‘ಖುಷಿ’ ಬಿಡುಗಡೆಯಾಯಿತು. ಎದುರಾಳಿಯ ಪಾನೀಯಕ್ಕೆ ಮುಖವಾಗಿದ್ದವರು ಅವರ ಅಣ್ಣ ಚಿರಂಜೀವಿ. ಒಂದೇ ಮನೆಯ ಇಬ್ಬರು, ಎರಡು ಬಾಟಲಿ. ಬಾಟಲಿಯ ಜಗಳವನ್ನು ಅಭಿಮಾನಿಗಳ ಜಗಳದ ಪಕ್ಕದಲ್ಲಿಟ್ಟು ಮಾರುವ ಈ ವಿದ್ಯೆ ತೆಲುಗು ನಾಡಿನಲ್ಲಿ ಚೆನ್ನಾಗಿ ಬೇರುಬಿಟ್ಟಿತು. ಥಮ್ಸ್ ಅಪ್ 2021ರಲ್ಲಿ ವರ್ಷಕ್ಕೆ ನೂರು ಕೋಟಿ ಡಾಲರ್ ವಹಿವಾಟಿನ ಬ್ರ್ಯಾಂಡ್ ಆಯಿತೆಂದು ಕೋಕಾ ಕೋಲಾ ಘೋಷಿಸಿದಾಗ ನನಗೆ ನೆನಪಾದದ್ದು ನಮ್ಮ ಬಿರಿಯಾನಿ ಮೇಜುಗಳು.

ಇಂಥ ಜಾಹೀರಾತು ತಯಾರಾಗುವ ಬಗೆ ಗೊತ್ತಾದರೆ ನಿರ್ದೇಶಕನ ಪಾಡು ತಿಳಿಯುತ್ತದೆ. ಕಥೆಯ ಎಳೆ ಏಜೆನ್ಸಿಯದ್ದು, ಹಣ ಕಂಪನಿಯದ್ದು, ಜನ ನೋಡಲು ಬರುವುದು ತಾರೆಯನ್ನು. ತಾರೆ ಕೊಡುವುದು ಒಂದೆರಡು ದಿನದ ಕಾಲ್‌ಶೀಟ್. ಅಷ್ಟರಲ್ಲಿ ಓಟ, ಜಿಗಿತ, ನಗು, ಗುಟುಕು ಎಲ್ಲ ಮುಗಿಯಬೇಕು. ಬಾಟಲಿಯ ಚಿತ್ರೀಕರಣ ಬೇರೆಯೇ ನಡೆಯುತ್ತದೆ, ಅದಕ್ಕೆ ಬೇರೆ ಪರಿಣತರು. ಗಾಜಿನ ಮೇಲೆ ಹನಿಗಟ್ಟಿದ ತಂಪು ಬಹಳ ಸಲ ಗ್ಲಿಸರಿನ್ ಬೆರೆಸಿದ ನೀರಿನ ಸಿಂಪಡಿಕೆ, ಲೋಟದಲ್ಲಿ ಕರಗದೆ ಹೊಳೆಯುವ ಮಂಜುಗಡ್ಡೆ ಅಕ್ರಿಲಿಕ್‌ನದ್ದು. ನಂತರ ಅದೇ ಚಿತ್ರವನ್ನು ಅರುವತ್ತು, ಮೂವತ್ತು, ಇಪ್ಪತ್ತು, ಹತ್ತು ಸೆಕೆಂಡಿಗೆ ಕತ್ತರಿಸಬೇಕು, ಯಾಕೆಂದರೆ ಟೀವಿಯವರು ಲೆಕ್ಕ ಹಾಕುವುದು ಸೆಕೆಂಡಿಗೆ. ಸೆಕೆಂಡಿನ ಬೆಲೆ ಗೊತ್ತಿರುವವನೇ ಇಲ್ಲಿ ಬದುಕಬಲ್ಲ. ಅಂಕುರ್‌ನ ಬಿಗಿಯಾದ ದೃಶ್ಯಗಳಲ್ಲಿ ಒಂದು ನೋಟ, ಒಂದು ಮೌನ ಸಾಕಾಗುವುದನ್ನು ನೋಡಿದಾಗ, ಆ ಮಿತವ್ಯಯವನ್ನು ಬೆನಗಲ್ ಕಲಿತದ್ದು ಲಿಂಟಾಸ್‌ನ ದಿನಗಳಲ್ಲೇ ಇರಬೇಕು ಎನಿಸುತ್ತದೆ.

ಈಗ ಅದೇ ಊರು, ಅದೇ 2001. ಪವನ್ ಕಲ್ಯಾಣ್ ಪೆಪ್ಸಿಗೆ ಬರುವ ಮುಂಚಿನ ತಿಂಗಳು, ಮಾರ್ಚ್‌ನಲ್ಲಿ, ಪುಲ್ಲೇಲ ಗೋಪಿಚಂದ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಚೀನಾದ ಚೆನ್ ಹಾಂಗ್‌ರನ್ನು 15-12, 15-6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದರು. ಅವರಿಗಿಂತ ಮೊದಲು ಅದನ್ನು ಗೆದ್ದ ಭಾರತೀಯ ಒಬ್ಬರೇ, 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ. ಗೋಪಿಚಂದ್ ಆಟ ತಿದ್ದಿಕೊಂಡದ್ದೂ ಬೆಂಗಳೂರಿನ ಪ್ರಕಾಶರ ಅಕಾಡೆಮಿಯಲ್ಲಿ. ಊರೆಲ್ಲ ಮೆರವಣಿಗೆ ಮಾಡಿದ ಆ ಹೊತ್ತಿನಲ್ಲಿ ತಂಪು ಪಾನೀಯದ ಜಾಹೀರಾತಿಗೆ ಕರೆ ಬಂತು. ಗೋಪಿಚಂದ್ ಒಲ್ಲೆ ಎಂದರು. ತಾನು ಕುಡಿಯದ, ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ನಂಬಿದ ಪಾನೀಯವನ್ನು ಮಕ್ಕಳಿಗೆ ಕುಡಿಯಿರಿ ಎನ್ನುವುದಿಲ್ಲ ಎಂಬುದು ಅವರ ನಿಲುವು.

ಹಣಕ್ಕೇನೂ ಅವರಿಗೆ ಬರವಿರಲಿಲ್ಲ ಎಂದು ಭಾವಿಸಬೇಡಿ. ಮುಂದೆ ಗಚ್ಚಿಬೌಲಿಯಲ್ಲಿ ಅಕಾಡೆಮಿ ಕಟ್ಟಲು ಅವರು ಮನೆ ಅಡವಿಟ್ಟರು. 2008ರಲ್ಲಿ ತೆರೆದ ಆ ಅಕಾಡೆಮಿಯಿಂದಲೇ ಸೈನಾ, ಸಿಂಧು ಬಂದರು. ನಾನು ದಿನಾ ಆಫೀಸಿಗೆ ಹೋಗುವ ದಾರಿಯ ಹತ್ತಿರವೇ ಅದಿದೆ. ಬೆಳಗಿನ ಟ್ರಾಫಿಕ್‌ನಲ್ಲಿ ಕಿಟ್ ಚೀಲ ಹೊತ್ತು ಹೋಗುವ ಮಕ್ಕಳನ್ನು ಕಂಡಾಗೆಲ್ಲ, ಒಬ್ಬ ಮನುಷ್ಯ ಒಲ್ಲೆ ಎಂದದ್ದೂ ಚರಿತ್ರೆಯ ಒಂದು ಘಟನೆಯೇ ಎನಿಸುತ್ತದೆ. ಆಗದೇ ಹೋದ ಜಾಹೀರಾತಿನ ದಾಖಲೆ ಯಾವ ಆರ್ಕೈವ್‌ನಲ್ಲೂ ಇರುವುದಿಲ್ಲ, ಅಷ್ಟೇ.

ಎರಡು ವರ್ಷದ ನಂತರ, 2003ರ ಆಗಸ್ಟ್‌ನಲ್ಲಿ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 12 ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶ ಸಿಕ್ಕಿದೆ ಎಂದು ವರದಿ ಕೊಟ್ಟಿತು. ಶರದ್ ಪವಾರ್ ನೇತೃತ್ವದ ಸಂಸದೀಯ ಸಮಿತಿ 2004ರಲ್ಲಿ ಆ ಪರೀಕ್ಷೆಯ ಫಲಿತಾಂಶವನ್ನು ಒಪ್ಪಿತು. ಜನ ಆಗ ಬಾಟಲಿಯ ಜೊತೆಗೆ ಮುಖಗಳನ್ನೂ ಪ್ರಶ್ನಿಸತೊಡಗಿದರು. ಹತ್ತು ವರ್ಷ ಕಳೆದು ಅಮಿತಾಭ್ ಬಚ್ಚನ್, ಜೈಪುರದ ಒಬ್ಬ ಬಾಲಕಿ ತನ್ನ ಟೀಚರ್ ವಿಷ ಎನ್ನುವ ಪಾನೀಯದ ಜಾಹೀರಾತಿನಲ್ಲಿ ನೀವೇಕೆ ಇದ್ದೀರಿ ಎಂದು ಕೇಳಿದ್ದನ್ನು ತಾವೇ ಹೇಳಿಕೊಂಡರು. 2019ರ ಗ್ರಾಹಕ ರಕ್ಷಣಾ ಕಾಯ್ದೆ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದೆಂದಿತು. ಆದರೆ ಸಿಡಿಲು, ಸಾಹಸ, ಗೆಳೆತನ ಎಂದು ಹೇಳಿ 300 ಮಿಲಿಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಮಾರುವುದು ಯಾವ ಕಾನೂನಿಗೂ ಸಿಗುವ ಸುಳ್ಳಲ್ಲ. ಅದು ಸುಳ್ಳೇ ಅಲ್ಲ, ಒಂದು ಮನಸ್ಥಿತಿ. ಆ ಮನಸ್ಥಿತಿಯನ್ನು ಕಟ್ಟುವುದೇ ನಿರ್ದೇಶಕನ ಕಸುಬು.

ಕರ್ನಾಟಕದ ನೆನಪಿನಲ್ಲಿ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಡಾ. ರಾಜ್‌ಕುಮಾರ್ ಜಾಹೀರಾತಿಗೆ ಮುಖ ಕೊಟ್ಟದ್ದೆಂದರೆ ನಂದಿನಿ ಹಾಲಿಗೆ, ಅದೂ ಸಂಭಾವನೆ ಇಲ್ಲದೆ. ಪುನೀತ್ ಕೂಡ ಅದೇ ಹಾದಿಯಲ್ಲಿ ನಂದಿನಿಗೆ ಉಚಿತವಾಗಿ ನಿಂತರು. ಅವರು ಸೆವೆನ್ ಅಪ್‌ಗೂ ರಾಯಭಾರಿಯಾಗಿದ್ದರು. ಎರಡನ್ನೂ ಒಟ್ಟಿಗೆ ಹೇಳುವುದು ಯಾರನ್ನೂ ಚುಚ್ಚಲು ಅಲ್ಲ. ದುಡಿಯುವ ಕಲಾವಿದನ ಬದುಕಿನಲ್ಲಿ ಎರಡೂ ಇರುತ್ತವೆ, ಹೊಟ್ಟೆಪಾಡಿನ ಕೆಲಸ ಮತ್ತು ಊರಿನ ಕೆಲಸ. ಬೆನಗಲ್ ಅವರಲ್ಲೂ ಇದ್ದವು.

ನಾನು ಇದನ್ನು ಬರೆಯುತ್ತಿರುವುದು ನಮ್ಮಂಥ ಓದುಗರಿಗೆ. ನಾವು ಈ ಊರಿನ ಗಾಜಿನ ಕಟ್ಟಡಗಳಲ್ಲಿ ಕೂತು ಯಾರದೋ ಆ್ಯಪ್‌ಗೆ, ಯಾರದೋ ಸಾಲದ ಯೋಜನೆಗೆ, ಎಂದೂ ನೋಡದ ಗಿರಾಕಿಯ ಮಾಲಿಗೆ ಕೆಲಸ ಮಾಡುತ್ತೇವೆ. ನಮ್ಮ ಹೆಸರೂ ಪರದೆಯ ಮೇಲೆ ಬರುವುದಿಲ್ಲ. ಕೈಚಳಕ ಮಾರುವುದರಲ್ಲಿ ಅವಮಾನವೇನಿಲ್ಲ. 900 ಚಿಕ್ಕ ಚಿತ್ರಗಳ ದುಡಿಮೆಯಿಲ್ಲದೆ ಅಂಕುರ್ ಆಗುತ್ತಿರಲಿಲ್ಲ. ಆದರೆ ಆ ದುಡಿಮೆಯ ಅಷ್ಟೂ ವರ್ಷ ಬೆನಗಲ್ ಬಗಲಲ್ಲಿ ಒಂದು ಕಥೆ ಇತ್ತು, ಹೈದರಾಬಾದಿನ ಪಕ್ಕದ ಹಳ್ಳಿಯದ್ದು, ಯಾವ ಕಂಪನಿಯೂ ಬರೆಯಿಸದ್ದು. ಗೋಪಿಚಂದರ ಬಳಿ ಒಂದು ಒಲ್ಲೆ ಇತ್ತು. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸುವಾಗ ನಮ್ಮ ಬಗಲಲ್ಲಿ ಇವೆರಡರಲ್ಲಿ ಯಾವುದಿದೆ ಎಂದು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.